ಕೊಲ್ಹಾರದ ಮೊಸರು ಮತ್ತು ನಾಲ್ಕು ಬಗೆಯ ಮಾರುಕಟ್ಟೆ

ವಿಜಯಪುರದಿಂದ ಹುಬ್ಬಳ್ಳಿಯ ಕಡೆಗೆ ಬಸ್ಸಿನಲ್ಲಿ ಪ್ರಯಾಣ ಮಾಡಿದವರಿಗೆ ಕೊಲ್ಹಾರದ ಹೆಸರು ಗೊತ್ತಿರದೆ ಇರದು. ಕೃಷ್ಣಾ ನದಿಯ ಉತ್ತರ ದಂಡೆಯ ಊರು. ನದಿ ದಾಟಿದರೆ ಬೀಳಗಿ ತಾಲ್ಲೂಕಿನ ಕೊರ್ತಿ. ಬಹುಕಾಲ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಈ ಊರು 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ಆದರೆ ತಾಲ್ಲೂಕು ಆಗುವ ಎಷ್ಟೋ ಮೊದಲೇ ಅದಕ್ಕೆ ಹೆಸರು ತಂದುಕೊಟ್ಟಿದ್ದು ಅಲ್ಲಿಯ ಮೊಸರು. ಬಸ್ಸು ನಿಂತೊಡನೆ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಸಣ್ಣ ಮಣ್ಣಿನ ಗಡಿಗೆಗಳನ್ನು ಹೊತ್ತ ಹೆಣ್ಣುಮಕ್ಕಳು ಕಿಟಕಿಗೆ ಕಿಟಕಿ ಸುತ್ತುತ್ತಿದ್ದರು. ಎಮ್ಮೆಯ ಹಾಲನ್ನು ಕುಳ್ಳಿನ ಸಣ್ಣ ಉರಿಯಲ್ಲಿ ಕೆಂಪಾಗುವ ತನಕ ಕಾಯಿಸಿ ಹೆಪ್ಪು ಹಾಕಿದ ಮೊಸರು ಅದು. ಗಡಿಗೆಯನ್ನು ಬೋರಲು ಹಾಕಿದರೂ ಕೆಳಗೆ ಬೀಳದು ಎಂದು ನಮ್ಮ ಕಡೆಯ ಜನ ಅಭಿಮಾನದಿಂದ ಹೇಳುತ್ತಾರೆ.

ಈ ಮೊಸರಿನ ನೆನಪಿನೊಂದಿಗೆ ನನ್ನ ಮೇಷ್ಟರಿಕೆಯ ಒಂದು ಸೋಲೂ ಬೆಸೆದುಕೊಂಡಿದೆ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಷಯ ಕಲಿಸುತ್ತಿದ್ದವನು. ಎಂಬತ್ತರ ದಶಕದ ಒಂದು ವರ್ಷ ಪದವಿಪೂರ್ವ ತರಗತಿಗೆ ಅರ್ಥಶಾಸ್ತ್ರದ ಉಪನ್ಯಾಸಕರು ಬಾರದೆ ಇದ್ದುದರಿಂದ ಆ ಪಾಠವೂ ನನ್ನ ಹೆಗಲಿಗೆ ಬಿತ್ತು. ಮಾರುಕಟ್ಟೆಯ ರೂಪಗಳು ಎಂಬ ಅಧ್ಯಾಯ. ಕರಿಹಲಗೆಯ ಮೇಲೆ ನಾಲ್ಕು ಮನೆಗಳನ್ನು ಗೀಚಿ ಪೂರ್ಣ ಪೈಪೋಟಿ, ಏಕಸ್ವಾಮ್ಯ, ಏಕಸ್ವಾಮ್ಯಯುತ ಪೈಪೋಟಿ, ಅಲ್ಪಸ್ವಾಮ್ಯ ಎಂದು ಬರೆದೆ. ಉದಾಹರಣೆ ಹತ್ತಿರದ್ದಿರಲಿ ಎಂದು, ಕೊಲ್ಹಾರದ ಮೊಸರು ಮೂರನೆಯ ಮನೆಗೆ ಸೇರುತ್ತದೆ, ಮಾರುವವರು ಅನೇಕರಿದ್ದರೂ ಸರಕಿಗೆ ತನ್ನದೇ ವಿಶೇಷ ಇರುವುದರಿಂದ ಬೆಲೆಯ ಮೇಲೆ ಮಾರುವವರಿಗೆ ಸ್ವಲ್ಪ ಹಿಡಿತವಿರುತ್ತದೆ ಎಂದು ವಿವರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಾಯಿಯೇ ಮೊಸರು ಮಾರುವವರು. "ಸರ್, ರೇಟಿನ ಮ್ಯಾಲೆ ಹಿಡಿತ ಇದ್ರ, ಸಂಜಿ ಬಸ್ಸಿನ ಹೊತ್ತಿಗೆ ನಮ್ಮವ್ವ ಉಳದ ಮೊಸರ ಅರ್ಧ ರೇಟಿಗೆ ಯಾಕ ಕೊಟ್ಟ ಬರ್ತಾಳ್ರಿ?" ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು ಮುಂದಿನ ಪುಟಕ್ಕೆ ಹೋದೆ. ಉತ್ತರ ಗೊತ್ತಿರಲಿಲ್ಲ ಎಂಬುದು ಸತ್ಯ. ನಿವೃತ್ತಿಯ ನಂತರ ನಮ್ಮ ಸೀಮೆಯ ಇತಿಹಾಸವನ್ನು ಓದುತ್ತ ಕುಳಿತಾಗ ಆ ಪ್ರಶ್ನೆ ಮತ್ತೆ ಮತ್ತೆ ಎದುರಿಗೆ ಬಂದಿದೆ. ಈ ಬರಹ ಅವಳಿಗೆ ತಡವಾಗಿ ಬರೆದ ಉತ್ತರ.

ಮೊದಲು ಆ ನಾಲ್ಕು ಮನೆಗಳು ಎಲ್ಲಿಂದ ಬಂದವು ಎಂಬುದನ್ನು ನೋಡೋಣ. 1776ರಲ್ಲಿ ಆಡಂ ಸ್ಮಿತ್ ಪೈಪೋಟಿಯ ಗುಣವನ್ನು ಎತ್ತಿ ಹಿಡಿದಾಗ ಅವನ ಕಣ್ಣ ಮುಂದಿದ್ದದ್ದು ಅನೇಕರು ಮಾರುವ, ಅನೇಕರು ಕೊಳ್ಳುವ ಪೇಟೆ. 1838ರಲ್ಲಿ ಫ್ರಾನ್ಸಿನ ಕೂರ್ನೋ ಎಂಬ ಗಣಿತಜ್ಞ ಖನಿಜಜಲದ ಎರಡು ಬುಗ್ಗೆಗಳಿಗೆ ಇಬ್ಬರು ಒಡೆಯರಿದ್ದರೆ ಬೆಲೆ ಹೇಗೆ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ. ಅಲ್ಪಸ್ವಾಮ್ಯದ ಪಾಠ ಅಲ್ಲಿಂದ ಆರಂಭವಾಯಿತೆನ್ನಬಹುದು. ನಡುವಿನ ಮನೆ ತುಂಬಿದ್ದು 1933ರಲ್ಲಿ. ಅಮೆರಿಕದ ಎಡ್ವರ್ಡ್ ಚೇಂಬರ್ಲಿನ್ ಮತ್ತು ಇಂಗ್ಲೆಂಡಿನ ಜೋನ್ ರಾಬಿನ್ಸನ್ ಒಂದೇ ವರ್ಷದಲ್ಲಿ ಬೇರೆ ಬೇರೆಯಾಗಿ ಪುಸ್ತಕ ಬರೆದು, ನಿಜವಾದ ಪೇಟೆಗಳು ಬಹುಮಟ್ಟಿಗೆ ಪೂರ್ಣ ಪೈಪೋಟಿಗೂ ಏಕಸ್ವಾಮ್ಯಕ್ಕೂ ನಡುವೆ ಇರುತ್ತವೆಂದು ತೋರಿಸಿದರು. 1920ರ ದಶಕದ ಕೊನೆಯಲ್ಲಿ ಗ್ವಾಲಿಯರಿನ ಬಾಲ ಮಹಾರಾಜರಿಗೆ ಪಾಠ ಹೇಳಲು ಬಂದ ಪತಿಯ ಜೊತೆ ಜೋನ್ ರಾಬಿನ್ಸನ್ ಕೆಲಕಾಲ ಭಾರತದಲ್ಲಿದ್ದರು. ಮಾರುವವನು ಒಬ್ಬನೇ ಇದ್ದರೆ ಏಕಸ್ವಾಮ್ಯ, ಸರಿ. ಆದರೆ ಕೊಳ್ಳುವವನು ಒಬ್ಬನೇ ಇದ್ದರೆ? ಆ ಸ್ಥಿತಿಗೆ ಹೆಸರೇ ಇಲ್ಲವೆಂದು ಗ್ರೀಕ್ ಬಲ್ಲ ವಿದ್ವಾಂಸರೊಬ್ಬರ ನೆರವಿನಿಂದ 'ಮೊನಾಪ್ಸನಿ' ಎಂಬ ಪದವನ್ನು ಅವರು ಬಳಕೆಗೆ ತಂದರು. ನನ್ನ ಹಲಗೆಯ ನಾಲ್ಕು ಮನೆಗಳಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ನಮ್ಮ ಜಿಲ್ಲೆಯ ರೈತನ ಕಥೆಯಲ್ಲಿ ಅತಿ ಹೆಚ್ಚು ಬರುವುದು ಇದೇ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಇನ್ನು ನಮ್ಮ ನಾಡಿಗೆ ಬರೋಣ. ಕೊಲ್ಹಾರದಿಂದ ನದಿ ದಾಟಿ ಆಗ್ನೇಯಕ್ಕೆ ಸಾಗಿದರೆ ಹುನಗುಂದ ಸೀಮೆಯ ಐಹೊಳೆ. ಇಂದು ನಾವು ಅದನ್ನು ದೇವಾಲಯಗಳಿಗಾಗಿ ನೋಡಲು ಹೋಗುತ್ತೇವೆ. ಮಧ್ಯಕಾಲದಲ್ಲಿ ಅದು 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘದ ಮೂಲಸ್ಥಾನ. ತಮ್ಮ ನಡವಳಿಕೆಯ ಕಟ್ಟಳೆಯನ್ನು ಈ ವರ್ತಕರು ವೀರ ಬಣಂಜು ಧರ್ಮ ಎಂದು ಕರೆದುಕೊಂಡರು. 1088ರಲ್ಲಿ ಇವರು ಹಾಕಿಸಿದ ತಮಿಳು ಶಾಸನವೊಂದು ದೂರದ ಸುಮಾತ್ರಾ ದ್ವೀಪದ ಬಾರುಸಿನಲ್ಲಿ ದೊರೆತಿದೆ. ಯಾವ ಸರಕಿನ ಹೇರಿಗೆ ಎಷ್ಟು ಆಯವನ್ನು ದೇವಸ್ಥಾನಕ್ಕೆ ಬಿಡಬೇಕೆಂದು ಅವರು ಒಟ್ಟಾಗಿ ಕೂತು ತೀರ್ಮಾನಿಸಿದ ಉಲ್ಲೇಖಗಳು ಶಾಸನಗಳಲ್ಲಿವೆ. ಒಟ್ಟಾಗಿ ಕೂತು ಆಯ ನಿರ್ಧರಿಸಬಲ್ಲ ವರ್ತಕರು ಒಬ್ಬರ ಕಾಲು ಒಬ್ಬರು ಎಳೆಯುವ ಪೈಪೋಟಿಗಾರರಾಗಿರಲಿಲ್ಲ. ಸಂಘದ ಬಲದಿಂದ ದಾರಿಯ ಭಯವನ್ನೂ ಒಂಟಿತನವನ್ನೂ ಗೆದ್ದವರು ಅವರು. ಇದು ಪಠ್ಯದ ಯಾವ ಮನೆಗೂ ಸಲೀಸಾಗಿ ಹೊಂದುವುದಿಲ್ಲ.

ಪೂರ್ಣ ಪೈಪೋಟಿಗೆ ಹತ್ತಿರದ್ದೆಂದರೆ ನಮ್ಮ ವಾರದ ಸಂತೆ. ಬಿಳಿಜೋಳ ಯಾರ ಹೊಲದ್ದಾದರೂ ಹೆಚ್ಚುಕಡಿಮೆ ಒಂದೇ. ಮಾರುವವರು ನೂರು ಜನ, ಕೊಳ್ಳುವವರೂ ನೂರು ಜನ. ಒಬ್ಬನು ಬೆಲೆ ಏರಿಸಿದರೆ ಪಕ್ಕದ ಚೀಲಕ್ಕೆ ಕೈ ಹೋಗುತ್ತದೆ. ಆದರೆ ಈ ಚಿತ್ರದಲ್ಲಿ ಕಣ್ಣಿಗೆ ಕಾಣದ ಒಂದು ವಸ್ತು ಇದೆ. ಅದು ನೆಲದೊಳಗಿದೆ: ಹಗೇವು. ಇಂದಿನ ಹುಡುಗರಿಗೆ ಈ ಮಾತೇ ಮರೆತಿರಬಹುದು. ಮನೆಯ ಮುಂದೋ ಹಕ್ಕೆಯಲ್ಲೋ ಆಳವಾಗಿ ತೋಡಿ, ಒಳಗೆ ಹುಲ್ಲು ಸೊಪ್ಪೆ ಹೊದಿಸಿ, ಜೋಳ ತುಂಬಿ ಬಾಯಿ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಧಾನ್ಯ ಕೆಡದೆ ಇರುತ್ತಿತ್ತು. ಹಗೇವು ಇದ್ದ ರೈತನು ಸಂತೆಯಲ್ಲಿ ಬೆಲೆ ಬಿದ್ದಿದೆ ಎಂದರೆ ಚೀಲವನ್ನು ಹೊರಗೆ ತೆಗೆಯುತ್ತಲೇ ಇರಲಿಲ್ಲ. 'ಮುಂದಿನ ಸಂತಿಗೆ ನೋಡೋಣ' ಎಂಬ ಆ ಒಂದು ಮಾತೇ ಅವನ ಬಲ. ಹಗೇವು ಇಲ್ಲದವನು, ಅಥವಾ ಹಗೇವಿನ ಜೋಳ ಸಾಲಕ್ಕೆ ಒತ್ತೆ ಬಿದ್ದವನು, ಅದೇ ಸಂತೆಯಲ್ಲಿ ಅದೇ ಜೋಳವನ್ನು ಬೇರೆಯ ಸ್ಥಿತಿಯಲ್ಲಿ ಮಾರುತ್ತಿದ್ದ. ಸಂತೆ ಒಂದೇ, ಕಾಯಬಲ್ಲವನ ಬೆಲೆ ಬೇರೆ, ಕಾಯಲಾರದವನ ಬೆಲೆ ಬೇರೆ.

ಇದರ ಘೋರ ಪರೀಕ್ಷೆ ನಡೆದದ್ದು 1876ರಿಂದ 78ರ ಬರದಲ್ಲಿ. ಆಗ ನಮ್ಮದು ಮುಂಬಯಿ ಆಧಿಪತ್ಯದ ಕಲಾದಗಿ ಜಿಲ್ಲೆ. ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಬಂದದ್ದು 1885ರಲ್ಲಿ. ಧಾನ್ಯದ ಖಾಸಗಿ ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು, ಬೆಲೆ ಏರಿದಲ್ಲಿಗೆ ಧಾನ್ಯ ತಾನಾಗಿಯೇ ಹರಿದು ಬರುತ್ತದೆ ಎಂಬುದು ಆ ಕಾಲದ ಆಡಳಿತದ ದೃಢ ನಂಬಿಕೆ. ಕೆಲಸಕ್ಕೆ ಬಂದ ಹಸಿದವರ ಕೂಲಿಯನ್ನು ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಗೂ ಮೇಲೊಂದಿಷ್ಟು ಕಾಸಿಗೂ ಇಳಿಸಿದ. ಬರದ ನಡುವೆಯೂ ಭಾರತದಿಂದ ಇಂಗ್ಲೆಂಡಿಗೆ ಗೋಧಿಯ ರಫ್ತು ನಿಲ್ಲಲಿಲ್ಲ. ನಮ್ಮ ಜಿಲ್ಲೆಯಲ್ಲಿ ಆಗ ರೈಲು ಇರಲಿಲ್ಲ. ಗದಗ ಹೊಟಗಿ ಮಾರ್ಗ ತೆರೆದದ್ದು 1884ರಲ್ಲಿ. ಧಾನ್ಯ ಹೇರುವ ಎತ್ತುಗಳಿಗೇ ಮೇವು ಇರಲಿಲ್ಲ. 1872ರ ಜನಗಣತಿಗೂ 1881ರ ಜನಗಣತಿಗೂ ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗೂ ಹೆಚ್ಚು ಕುಸಿದಿತ್ತು. ಪೂರ್ಣ ಪೈಪೋಟಿಯ ಸಿದ್ಧಾಂತದಲ್ಲಿ ಸರಕು ಅಡ್ಡಿಯಿಲ್ಲದೆ ಸಂಚರಿಸುತ್ತದೆ ಎಂಬ ಒಂದು ಷರತ್ತಿದೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕ. ಆ ಷರತ್ತು ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ.

ಏಕಸ್ವಾಮ್ಯಕ್ಕೆ ಬ್ರಿಟಿಷರ ಕಾಲದ ಉಪ್ಪಿಗಿಂತ ದೊಡ್ಡ ಉದಾಹರಣೆ ಬೇಡ. ಹಿಂದೆ ಲಂಬಾಣಿಗರ ಎತ್ತಿನ ಹಿಂಡುಗಳು ಕರಾವಳಿಯ ಉಪ್ಪನ್ನು ಬಯಲುಸೀಮೆಗೂ ಇಲ್ಲಿಯ ಧಾನ್ಯವನ್ನು ಕರಾವಳಿಗೂ ಹೇರಿ ಒಯ್ಯುತ್ತಿದ್ದವು. ಸರ್ಕಾರದ ಹಿಡಿತ ಬಿಗಿಯಾದಂತೆ, ರೈಲು ಬಂದಂತೆ, ಆ ಸಾಗಾಟದ ಬದುಕು ಮುಗಿಯಿತು. ಉಪ್ಪಿಲ್ಲದೆ ಊಟವಿಲ್ಲವಾದ್ದರಿಂದ ಬೆಲೆ ಎಷ್ಟಾದರೂ ಬಡವನು ಕೊಳ್ಳಲೇಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ನಮ್ಮವರು ಉಪ್ಪಿನ ಕಾಯಿದೆಯನ್ನು ಮುರಿದಾಗ ಅವರು ಮುರಿದದ್ದು ಅರ್ಥಶಾಸ್ತ್ರದ ಪುಸ್ತಕದ ಎರಡನೆಯ ಮನೆಯನ್ನೇ.

ಹತ್ತಿಯ ಕಥೆ ಇನ್ನೂ ತೊಡಕಿನದು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ಮುಂಬಯಿ ಪೇಟೆಯಲ್ಲಿ ನಮ್ಮ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿದೊಡನೆ ಬಿದ್ದುಹೋಯಿತು. ನೂರಾರು ರೈತರು ಬೆಳೆದರೂ ಕೊಳ್ಳುವವರು ಪೇಟೆಯ ನಾಲ್ಕಾರು ಅಂಗಡಿಗಳು. ಬಟ್ಟೆಯ ಮರೆಯಲ್ಲಿ ದಲ್ಲಾಳಿಯೂ ಖರೀದಿದಾರನೂ ಬೆರಳು ಹಿಡಿದು ದರ ಮುಗಿಸುವ ಪದ್ಧತಿ ಇತ್ತು. ಮಾಲಿನ ಒಡೆಯನಿಗೆ ತನ್ನ ಮಾಲಿನ ದರವೇ ಕಾಣುತ್ತಿರಲಿಲ್ಲ. ತೂಕದಲ್ಲಿ ಕಡಿತ, ಧರ್ಮದ ಹೆಸರಿನಲ್ಲಿ ಕಡಿತ. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ಇಂತಹ ಪದ್ಧತಿಗಳನ್ನು ಖಂಡಿಸಿ ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿತು. ಮುಂಬಯಿ ಪ್ರಾಂತದಲ್ಲಿ 1927ರಲ್ಲಿ ಹತ್ತಿ ಮಾರುಕಟ್ಟೆಯ ಕಾಯಿದೆ, 1939ರಲ್ಲಿ ಕೃಷಿ ಉತ್ಪನ್ನಗಳ ಕಾಯಿದೆ ಬಂದವು. ಏಕೀಕರಣದ ನಂತರ ಕರ್ನಾಟಕಕ್ಕೆಲ್ಲ ಅನ್ವಯಿಸುವಂತೆ 1966ರ ಎಪಿಎಂಸಿ ಕಾಯಿದೆ ಬಂತು. ಬಹಿರಂಗ ಹರಾಜು, ಸರಿಯಾದ ತಕ್ಕಡಿ, ಚೀಟಿ ಇವು ಸಣ್ಣ ಸಂಗತಿಗಳಲ್ಲ. ಆದರೆ ಪ್ರಾಂಗಣದೊಳಗೆ ಪರವಾನಗಿ ಪಡೆದ ಕೆಲವೇ ಖರೀದಿದಾರರು ಇದ್ದಲ್ಲಿ ಹರಾಜಿನ ಕೂಗು ಜೋರಾಗಿದ್ದರೂ ದರ ಏರುವುದಿಲ್ಲ ಎಂಬುದನ್ನೂ ಕಂಡಿದ್ದೇನೆ. ಹೊರಗಿನ ಖರೀದಿದಾರರೂ ದರ ಹಾಕುವಂತಾಗಲಿ ಎಂದೇ 2014ರಲ್ಲಿ ರಾಜ್ಯದ ಮಾರುಕಟ್ಟೆಗಳನ್ನು ಗಣಕಯಂತ್ರದ ಜಾಲದಿಂದ ಜೋಡಿಸುವ ಏಕೀಕೃತ ವ್ಯವಸ್ಥೆಯನ್ನು ಕರ್ನಾಟಕ ಆರಂಭಿಸಿತು.

ಈಗ ಮೊಸರಿಗೆ ಬರುತ್ತೇನೆ. ಮೂರನೆಯ ಮನೆಯ ಮುಖ್ಯ ಲಕ್ಷಣ ಸರಕಿನ ವೈಶಿಷ್ಟ್ಯ. ಕೊಲ್ಹಾರದ ಮೊಸರಿಗೆ ಆ ವೈಶಿಷ್ಟ್ಯ ಎಲ್ಲಿಂದ ಬಂತು? ಜಾಹೀರಾತಿನಿಂದ ಬಂದದ್ದಲ್ಲ. ಕೃಷ್ಣೆಯ ದಂಡೆಯ ಹಸಿರು ಮೇವು, ನೀರಲ್ಲಿ ಬಿದ್ದು ತಣ್ಣಗಾಗುವ ಎಮ್ಮೆಗಳು, ಕುಂಬಾರರ ಗಡಿಗೆ, ಕುಳ್ಳಿನ ಉರಿ, ಕೈಯ ಹದ ಎಲ್ಲ ಸೇರಿ ಬಂದದ್ದು. ಅದು ಒಬ್ಬರ ಸೊತ್ತಲ್ಲ, ಊರಿನ ಸೊತ್ತು. ಹೆಸರು ಊರಿಗಿತ್ತು, ಆ ಹೆಸರಿನ ಲಾಭ ಪ್ರತಿ ಗಡಿಗೆಗೂ ಸಿಗುತ್ತಿತ್ತು. ಬೆಳಗಿನ ಬಸ್ಸಿನ ಪ್ರಯಾಣಿಕ ಕೇಳಿದ ಬೆಲೆಗೆ ಕೊಳ್ಳುತ್ತಿದ್ದ. ಇಷ್ಟರಮಟ್ಟಿಗೆ ನನ್ನ ಪಾಠ ತಪ್ಪಲ್ಲ. ಆದರೆ ಮೊಸರಿಗೆ ಹಗೇವು ಇಲ್ಲ! ಬಿಸಿಲು ಏರಿದಂತೆ ಅದು ಹುಳಿಯಾಗುತ್ತದೆ. ಸಂಜೆಯ ಕೊನೆಯ ಬಸ್ಸು ಹೊರಡುವ ಹೊತ್ತಿಗೆ ಆ ತಾಯಿಗೆ ಎರಡೇ ದಾರಿ: ಕೊಟ್ಟುಬಿಡುವುದು, ಇಲ್ಲವೇ ತಲೆಯ ಮೇಲೆ ಹೊತ್ತು ಮನೆಗೆ ಮರಳುವುದು. ಬೆಳಗ್ಗೆ ಹಿಡಿತವಿದ್ದ ಕೈ ಸಂಜೆಗೆ ಬರಿದಾಗುತ್ತಿತ್ತು. ಒಂದೇ ದಿನದಲ್ಲಿ ಒಂದೇ ಗಡಿಗೆ ಮಾರುಕಟ್ಟೆಯ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿತ್ತು. ಆ ಹುಡುಗಿ ಕೇಳಿದ್ದು ಇದನ್ನೇ.

ಕರ್ನಾಟಕದಲ್ಲಿ 1974ರಲ್ಲಿ ಹೈನು ಅಭಿವೃದ್ಧಿ ನಿಗಮವಾಗಿ ಆರಂಭಗೊಂಡು 1984ರಲ್ಲಿ ಹಾಲು ಮಹಾಮಂಡಳವಾದ ಸಹಕಾರಿ ವ್ಯವಸ್ಥೆಯನ್ನು ನಾನು ಈ ದೃಷ್ಟಿಯಿಂದಲೇ ನೋಡುತ್ತೇನೆ. ಹಾಲನ್ನು ತಣ್ಣಗಿಡುವ ಯಂತ್ರವೇ ಹಾಲಿನ ಹಗೇವು. ಅದನ್ನು ಒಬ್ಬ ರೈತ ಕೊಳ್ಳಲಾರ. ಸಾವಿರಾರು ಜನ ಸೇರಿ ಕೊಳ್ಳಬಹುದು. ಅದೇ ವ್ಯವಸ್ಥೆಯ ಪೊಟ್ಟಣದ ಮೊಸರು ಬಂದು ಗಡಿಗೆಯ ಮೊಸರಿಗೆ ಪೈಪೋಟಿಯೂ ಆಯಿತು ಎಂಬುದು ಬೇರೆ ಮಾತು.

ಆದರೆ ಕೊಲ್ಹಾರದ ಮೊಸರಿಗೆ ದೊಡ್ಡ ಪೆಟ್ಟು ಬಿದ್ದದ್ದು ಪೈಪೋಟಿಯಿಂದಲ್ಲ, ನೀರಿನಿಂದ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲತೊಡಗಿದಾಗ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಡೆಯಾಯಿತು. ಜನ ಮೇಲಿನ ಹೊಸ ಊರಿಗೆ ಬಂದರು. ಮನೆಗೆ ಪರಿಹಾರ ಬಂತು, ಹೊಲಕ್ಕೆ ಬಂತು. ಆದರೆ ದಂಡೆಯ ಮೇವಿಗೆ, ಎಮ್ಮೆ ಬೀಳುತ್ತಿದ್ದ ಮಡುವಿಗೆ, ಮೊಸರಿನ ಹೆಸರಿಗೆ ಪರಿಹಾರದ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಮೇವು ಹೋದಂತೆ ಎಮ್ಮೆ ಹೋದವು. ಮೊಸರು ಇಂದಿಗೂ ಸಿಗುತ್ತದೆ; ಹಿಂದಿನಷ್ಟು ಸಿಗುವುದಿಲ್ಲ. ನೆರೆಯ ಇಂಡಿಯ ಲಿಂಬೆಗೆ ಈಚೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಊರಿನ ಹೆಸರು ಊರಿನವರ ಆಸ್ತಿ ಎಂದು ಕಾನೂನು ಒಪ್ಪುವ ಕಾಲ ಬಂದದ್ದು ಸಂತೋಷವೇ. ಹೆಸರನ್ನು ಕಾಯಿದೆ ಕಾಪಾಡಬಹುದು. ಆ ಹೆಸರಿಗೆ ಕಾರಣವಾದ ದಂಡೆಯನ್ನು ಯಾರು ಕಾಪಾಡಬೇಕು?

ಅದೇ ಅಣೆಕಟ್ಟೆಯ ನೀರು ಮುಳವಾಡ ಏತ ನೀರಾವರಿಯಿಂದಲೂ ಕಾಲುವೆಗಳಿಂದಲೂ ಒಣಭೂಮಿಗೆ ಹರಿದಿದೆ. ಅದನ್ನು ನಾನು ಹಗುರವಾಗಿ ನುಡಿಯಲಾರೆ; ಬಾಯಾರಿದ ನೆಲ ಅದು. ನೀರು ಬಂದಲ್ಲಿ ಕಬ್ಬು ಬಂತು. ಕಬ್ಬಿನ ಜೊತೆ ಬಂದದ್ದು ಜೋನ್ ರಾಬಿನ್ಸನ್ನರ ಆ ಹೊಸ ಪದ. ಕಡಿದ ಕಬ್ಬು ಒಂದು ದಿನದೊಳಗೆ ಗಾಣಕ್ಕೆ ಹೋಗಬೇಕು. ತಡವಾದಂತೆ ತೂಕವೂ ಇಳುವರಿಯೂ ಇಳಿಯುತ್ತವೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆಗಳಿಗೆ ಪ್ರದೇಶ ಹಂಚಿಕೊಡಲು ಅವಕಾಶವಿದೆ. 2006ರ ತಿದ್ದುಪಡಿಯಂತೆ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಕನಿಷ್ಠ 15 ಕಿಲೋಮೀಟರ್ ಅಂತರ ಬೇಕು. ಹೀಗಾಗಿ ರೈತನ ಪಾಲಿಗೆ ಕೊಳ್ಳುವವನು ಬಹುಮಟ್ಟಿಗೆ ಒಬ್ಬನೇ. ಇದನ್ನು ಸರಿದೂಗಿಸಲೆಂದೇ ಕೇಂದ್ರ ಸರ್ಕಾರ ಕನಿಷ್ಠ ದರ ನಿಗದಿ ಮಾಡುತ್ತದೆ. ಹದಿನಾಲ್ಕು ದಿನದೊಳಗೆ ಹಣ ಕೊಡಬೇಕೆಂಬ ನಿಯಮವೂ ಇದೆ. ಆದರೂ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ರಸ್ತೆಯಲ್ಲಿ ಕೂರಬೇಕಾಯಿತು; ಸರ್ಕಾರ ನಡುವೆ ಬಂದು 3,300ಕ್ಕೆ ತೀರ್ಮಾನಿಸಿತು. ಮೊಸರಿನ ತಾಯಿಗೆ ಸಂಜೆಯ ಹೊತ್ತು ಮಾತ್ರ ಕಷ್ಟ. ಮರುದಿನದ ಬೆಳಗಿನ ಬಸ್ಸು ಇರುತ್ತಿತ್ತು. ಹನ್ನೆರಡು ತಿಂಗಳ ಬೆಳೆಯನ್ನು ಒಂದೇ ಬಾಗಿಲಿಗೆ ಒಯ್ಯುವವನಿಗೆ ಮರುದಿನದ ಬಸ್ಸೂ ಇಲ್ಲ.

ನಾಲ್ಕನೆಯ ಮನೆ ಉಳಿಯಿತು. ಮುಳುಗಡೆಯ ಊರುಗಳಲ್ಲಿ ಸಾವಿರಾರು ಮನೆಗಳನ್ನು ಹೊಸದಾಗಿ ಕಟ್ಟಿದಾಗ ಎಲ್ಲರೂ ಸಿಮೆಂಟು ಕೊಂಡರು. ಹೆಸರು ಹಲವು, ದರ ಮಾತ್ರ ಒಟ್ಟಿಗೇ ಏರುತ್ತದೆ ಎಂದು ಗೌಂಡಿಗಳು ಗೊಣಗುವುದನ್ನು ಕೇಳಿದ್ದೆ. 2002ರ ಕಾಯಿದೆಯಂತೆ ಸ್ಥಾಪನೆಯಾದ ಭಾರತೀಯ ಸ್ಪರ್ಧಾ ಆಯೋಗ 2012ರಲ್ಲಿ 11 ಸಿಮೆಂಟ್ ಕಂಪನಿಗಳು ಒಳಒಪ್ಪಂದ ಮಾಡಿಕೊಂಡಿವೆ ಎಂದು 6,000 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಕೆಲವರೇ ಇದ್ದಾಗ ಪೈಪೋಟಿಗಿಂತ ಹೊಂದಾಣಿಕೆ ಸುಲಭವೆಂದು ಪುಸ್ತಕದಲ್ಲಿದೆ. ಗೌಂಡಿಗೂ ಅದು ಗೊತ್ತಿತ್ತು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸುವುದಿಷ್ಟು. ಮಾರುವವರು ಎಷ್ಟು ಜನ, ಕೊಳ್ಳುವವರು ಎಷ್ಟು ಜನ ಎಂದು ಎಣಿಸುವುದು ಮೊದಲ ಪಾಠ. ಅದು ಬೇಕು. ಆದರೆ ಅದರ ಜೊತೆಗೆ ಎರಡು ಪ್ರಶ್ನೆಗಳನ್ನು ಕೇಳಬೇಕಿತ್ತು: ಇವನು ನಾಳೆಯವರೆಗೆ ಕಾಯಬಲ್ಲನೇ? ಇಲ್ಲಿ ಬೇಡವೆಂದು ಇನ್ನೊಂದು ಕಡೆಗೆ ಹೋಗಬಲ್ಲನೇ? ಹಗೇವು, ಸಂಘ, ರೈಲು, ಬಹಿರಂಗ ಹರಾಜು, ಹಾಲಿನ ಡೇರಿ ಎಲ್ಲವೂ ಬೇರೆ ಬೇರೆ ಕಾಲದಲ್ಲಿ ಈ ಎರಡು ಪ್ರಶ್ನೆಗಳಿಗೆ ಜನ ಕಂಡುಕೊಂಡ ಉತ್ತರಗಳು. ಎರಡಕ್ಕೂ ಇಲ್ಲ ಎನ್ನಬೇಕಾದವನು ಯಾವ ಮನೆಯಲ್ಲಿ ಕೂತರೂ ದುರ್ಬಲನೇ.

ಆ ಹುಡುಗಿಯ ಮನೆ ಹಳೆಯ ಊರಿನಲ್ಲಿತ್ತು. ಈಗ ಅಲ್ಲಿ ನೀರು. ಅವಳು ಮದುವೆಯಾಗಿ ಯಾವ ಊರಿಗೆ ಹೋದಳೋ ತಿಳಿಯದು. ಈ ಹೊತ್ತಿಗೆ ಅವಳ ಮಕ್ಕಳೂ ಕಾಲೇಜು ಮುಗಿಸಿರಬಹುದು. ಕಳೆದ ಬೇಸಿಗೆಯಲ್ಲಿ ಕೊಲ್ಹಾರದಲ್ಲಿ ಇಳಿದು ಒಂದು ಗಡಿಗೆ ಮೊಸರು ಕೊಂಡೆ. ಸಂಜೆಯ ಹೊತ್ತು. ಮಾರುವಾಕೆ ತಾನಾಗಿಯೇ ಬೆಲೆ ಇಳಿಸಿ ಹೇಳಿದಳು. ಬೆಳಗಿನ ಬೆಲೆ ಎಷ್ಟೆಂದು ಕೇಳಿ ಅಷ್ಟನ್ನೇ ಕೊಟ್ಟೆ. ಆಕೆಗೆ ಅಚ್ಚರಿಯಾಯಿತು. ಹಳೆಯ ಬಾಕಿ ಎಂದೆ.